ಸುಣ್ಣ ಬಳಿದ ಬಿರುಕು

ಭೂಕಂಪವಾದ ಮೇಲೆ ಹಾನಿಯ ಅಂದಾಜು ಮಾಡುವುದು ಅಂಥ ಕಷ್ಟದ ಕೆಲಸವಲ್ಲ. ಹಾನಿ ಎಲ್ಲಿದೆ ಅಂತ ಹುಡುಕುವುದೇ ಕಷ್ಟ. ಬಿದ್ದ ಮನೆ ಯಾರಿಗಾದರೂ ಕಾಣುತ್ತದೆ. ಅದಕ್ಕೆ ಇಂಜಿನಿಯರ್ ಬೇಕಿಲ್ಲ, ಕಾಗೆ ಸಾಕು. ನಾಳೆ ಬೀಳುವ ಮನೆಯನ್ನು ಇವತ್ತು ಗುರುತಿಸುವುದಕ್ಕೆ ಸಂಬಳ ಕೊಡುತ್ತಾರೆ. ಆ ಸಂಬಳವನ್ನು ಬಹಳ ಕಾಲ ತಿಂದು, ಐವತ್ತು ದಾಟಿದ ಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡು ಚಿಂತಾಮಣಿಯ ಮನೆಯಲ್ಲಿ ಕುಳಿತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡಿ, "ಸಾರ್, ಯಾವ ಪುಸ್ತಕ ಓದ್ಬೇಕು?" ಅಂತ ಕೇಳುತ್ತಾರೆ. ಪುಸ್ತಕದಲ್ಲಿ ಇರುವುದನ್ನು ಅವರು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ. ಇಲ್ಲದಿರುವುದನ್ನು ನಾನು ಬರೆಯುತ್ತೇನೆ.

ಮೊದಲು ನನ್ನ ಅರ್ಹತೆ. ನಾನು ಹುಟ್ಟಾ ಪುಕ್ಕಲ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಮದುವೆ ಮನೆಗೆ ಹೋದರೆ ಚಾವಣಿಯ ಚಿಂತೆ. ಹೋಟೆಲಿನಲ್ಲಿ ದೋಸೆ ಬರುವಷ್ಟರಲ್ಲಿ ತಲೆಯ ಮೇಲಿನ ಫ್ಯಾನಿನ ಕೊಂಡಿಯನ್ನು ನೋಡಿ ನೋಡಿ ಹಸಿವು ಹೋಗಿರುತ್ತದೆ. ನನ್ನ ಹೆಂಡತಿ ಸುಜಾತ, "ರೀ, ನಿಮಗೆ ಭೂಕಂಪ ಯಾಕ್ರೀ ಬೇಕು? ನೀವು ಕೂತ್ರೆ ಕುರ್ಚಿ ತಾನಾಗೇ ಅಲ್ಲಾಡ್ತದೆ" ಅನ್ನುತ್ತಾಳೆ. ಇಂಥವನನ್ನು ಕಚೇರಿಯವರು ಒಮ್ಮೆ ಉತ್ತರದ ಬೆಟ್ಟದ ಊರೊಂದಕ್ಕೆ ಭೂಕಂಪದ ತರಬೇತಿಗೆ ಕಳಿಸಿದರು. ನನ್ನ ಪ್ರತಿಭೆ ನೋಡಿ ಅಲ್ಲ. ಅಲ್ಲಿ ವಿಪರೀತ ಚಳಿ ಅಂತ ನನಗಿಂತ ಹಿರಿಯರೆಲ್ಲ ಮೊಣಕಾಲು ನೋವು, ಮಗಳ ನಿಶ್ಚಿತಾರ್ಥ ಅಂತ ಜಾರಿಕೊಂಡಿದ್ದರು. ಹೋದವನು ಒಂದು ಪ್ರಮಾಣಪತ್ರ ಮತ್ತು ಒಂದು ಉಣ್ಣೆ ಟೋಪಿಯೊಂದಿಗೆ ವಾಪಸಾದೆ. ಚಿಕ್ಕಬಳ್ಳಾಪುರದ ಬಿಸಿಲಿಗೆ ಎರಡೂ ಪ್ರಯೋಜನಕ್ಕೆ ಬರಲಿಲ್ಲ. "ನಮ್ದು ಗಟ್ಟಿ ಬಂಡೆ ನೆಲ ಕಣ್ರೀ. ನಂದಿ ಬೆಟ್ಟ ಅಲ್ಲಾಡೋ ದಿನ ಲೆಕ್ಕ ತೆಗೆಯೋಕೆ ನೀವೂ ಇರಲ್ಲ, ನಾನೂ ಇರಲ್ಲ" ಅಂತ ನಮ್ಮ ದೊಡ್ಡ ಸಾಹೇಬರು ನಕ್ಕಿದ್ದರು. ಈ ಸಾಹೇಬರು ಮುಂದೆಯೂ ಬರುತ್ತಾರೆ. ಅವರ ನಗು ಇನ್ನೂ ಜೋರಾಗಿ ಬರುತ್ತದೆ.

ಆಮೇಲೆ ಒಂದು ವರ್ಷ ಹಿಡಿದ ಮಳೆ ಬಿಡಲಿಲ್ಲ. ಎಷ್ಟೋ ಕಾಲದಿಂದ ಬಾಯಾರಿ ಬಿದ್ದಿದ್ದ ಕೆರೆಗಳು ಕೋಡಿ ಹರಿದವು. ಅದರ ಹಿಂದೆಯೇ ನೆಲದೊಳಗೆ ಸದ್ದು ಶುರುವಾಯಿತು. ಮೊದಲು ಢಂ ಅಂತ ಒಂದು ಸದ್ದು, ಆಮೇಲೆ ಅಟ್ಟದ ಪಾತ್ರೆಗಳೆಲ್ಲ ಗಲಗಲ. ಸುದ್ದಿ ಬಂದು ನಾನು ಮಂಚೇನಹಳ್ಳಿಯಲ್ಲಿ ಇಳಿದಾಗ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ವಿಜ್ಞಾನ ಸಮ್ಮೇಳನ ನಡೆದಿತ್ತು. ಒಬ್ಬರು ಕ್ವಾರಿಯವರ ಕೆಲಸ ಅಂದರು. ಇನ್ನೊಬ್ಬರು, "ಬೋರು ಕೊರ್ದು ಕೊರ್ದು ಭೂಮಿ ಜರಡಿ ಆಗೈತೆ. ಈಗ ನೀರು ಇಳೀತೈತೆ, ಗಾಳಿ ಎದ್ದು ಬರ್ತೈತೆ, ಅಷ್ಟೇ" ಅಂದರು. ಮೂರನೆಯವರು ನನ್ನ ಕೊರಳಿನ ಗುರುತಿನ ಚೀಟಿ ನೋಡಿ, "ಸಾರ್ ಬಂದವ್ರೆ ಅಂದ್ರೆ ಇನ್ನೂ ಏನೋ ಐತೆ ಬಿಡ್ರಪ್ಪ" ಅಂತ ಟೀ ಲೋಟ ಇಟ್ಟು ಎದ್ದರು.

ತಜ್ಞರು ಬಂದರು, ಯಂತ್ರ ಹೂತರು, ಇವೆಲ್ಲ ಸಣ್ಣ ಕಂಪನಗಳು, ಭಯಪಡುವ ಅಗತ್ಯವಿಲ್ಲ ಅಂದರು. ಅವರು ಹೇಳಿದ್ದು ನಿಜ. ಆದರೆ ಅದು ಭೂಮಿಯ ಬಗ್ಗೆ ಹೇಳಿದ ಮಾತು, ಗೋಡೆಯ ಬಗ್ಗೆ ಅಲ್ಲ. ಮೊಮ್ಮಗು ತಳ್ಳಿದರೂ ಬೀಳುವ ಅಜ್ಜನನ್ನು ಕೆಡವಲು ಪೈಲ್ವಾನ ಬೇಕೆ? ನಮ್ಮ ಕಡೆಯ ಹಳೆಯ ಮನೆಗಳನ್ನು ನೋಡಿದ್ದೀರಲ್ಲ. ಎರಡು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಚೂರುಕಲ್ಲು, ತಲೆಯ ಮೇಲೆ ಉದ್ದುದ್ದ ಕಲ್ಲು ಚಪ್ಪಡಿ. ನೆಲ ಅಲ್ಲಾಡಿದಾಗ ಈ ಎರಡು ಸಾಲುಗಳು ಮುನಿಸಿಕೊಂಡ ಗಂಡ ಹೆಂಡಿರ ಹಾಗೆ ಒಂದು ಆ ಕಡೆ, ಒಂದು ಈ ಕಡೆ ತಿರುಗುತ್ತವೆ. ಗೋಡೆಗೆ ಹೊಟ್ಟೆ ಬರುತ್ತದೆ. ಚಪ್ಪಡಿ ಮಾತ್ರ ಮೇಲೆ ಹಾಗೇ ಇರುತ್ತದೆ, ಕಾಯುತ್ತಾ.

ಇದನ್ನು ಅಂದಾಜು ಮಾಡಲು ಕಚೇರಿ ನಮಗೆ ಕೊಟ್ಟದ್ದು ನೆರೆಹಾವಳಿಯ ನಮೂನೆ. ಅದರ ಮೊದಲ ಪ್ರಶ್ನೆ: ಮನೆಯೊಳಗೆ ಎಷ್ಟು ಅಡಿ ನೀರು ನಿಂತಿತ್ತು? ಸಾಹೇಬರಿಗೆ ತೋರಿಸಿದೆ. "ಸೊನ್ನೆ ಅಂತ ಬರ್ಕೊಳ್ರೀ, ಅದಕ್ಕೂ ನನ್ನೇ ಕೇಳ್ಬೇಕಾ?" ಅಂದರು. ಸ್ವಲ್ಪ ದಿನಕ್ಕೆ ನಮೂನೆ ಹೋಗಿ ಮೊಬೈಲ್ ಆ್ಯಪ್ ಬಂತು. ಹಸಿರು ಅಂದರೆ ಹಾನಿ ಇಲ್ಲ, ಹಳದಿ ಅಂದರೆ ದುರಸ್ತಿ, ಕೆಂಪು ಅಂದರೆ ಮನೆ ಖಾಲಿ ಮಾಡಿಸಿ. ಕೆಂಪು ಒತ್ತಿದರೆ ಕಾರಣ ಕೇಳುತ್ತದೆ, ನಾಲ್ಕು ದಿಕ್ಕಿನ ಫೋಟೊ ಕೇಳುತ್ತದೆ, ಮೇಲಧಿಕಾರಿಯ ಒಪ್ಪಿಗೆ ಕೇಳುತ್ತದೆ. ಹಸಿರು ಒತ್ತಿದರೆ ‘ಧನ್ಯವಾದಗಳು’ ಅನ್ನುತ್ತದೆ. ಸಿಗ್ನಲ್ ಸಿಗದ ಊರುಗಳಲ್ಲಿ ಯಾವ ಬಣ್ಣ ಬೇಗ ಹೋಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಮಣ್ಣಿನ ಗೋಡೆಗಿಂತ ಬೇಗ ಕುಸಿಯುವುದು ಮನುಷ್ಯನ ತಾಳ್ಮೆ. ಆ್ಯಪ್ ಮಾಡಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಬರೀ ಬೇರೆಯವರನ್ನು ಆಡಿಕೊಂಡರೆ ಸುಜಾತ ಬಿಡುವುದಿಲ್ಲ, ಗೌರಿಬಿದನೂರು ಕಡೆಯ ಶಾಲೆಯದನ್ನೂ ಬರೀರಿ ಅನ್ನುತ್ತಾಳೆ. ಬರೆಯುತ್ತೇನೆ. ನೆಲ ಅಲ್ಲಾಡಿದಾಗ ಗಾಬರಿಯಾಗಿ ಓಡಬಾರದು, ಬೆಂಚಿನ ಕೆಳಗೆ ನುಸುಳಿ ತಲೆ ಮುಚ್ಚಿಕೊಳ್ಳಬೇಕು ಅಂತ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಅಷ್ಟರಲ್ಲಿ ಹೊರಗೆ ಒಂದು ಟಿಪ್ಪರ್ ಜಲ್ಲಿ ಸುರಿಯಿತು. ಮುಂದಿನ ಕ್ಷಣ ನಾನು ಮೈದಾನದ ನಡುವೆ ಧ್ವಜಸ್ತಂಭ ಹಿಡಿದು ನಿಂತಿದ್ದೆ. ಒಂದು ಚಪ್ಪಲಿ ಕಾಲಲ್ಲಿರಲಿಲ್ಲ. ಅಲ್ಲಿಂದಲೇ ಕಿಟಕಿಯೊಳಗೆ ನೋಡಿದರೆ ಮಕ್ಕಳೆಲ್ಲ ಬೆಂಚಿನ ಕೆಳಗೆ ತಲೆ ಮುಚ್ಚಿಕೊಂಡು ಕೂತಿದ್ದರು, ನಾನು ಹೇಳಿಕೊಟ್ಟ ಹಾಗೆಯೇ. ಮೇಷ್ಟ್ರು ಹೊರಗೆ ಬಂದು ತುಂಬ ಗೌರವದಿಂದ, "ಸಾರ್, ಇದು ಎರಡನೇ ವಿಧಾನವಾ?" ಅಂತ ಕೇಳಿದರು.

ಈಗ ವೆಂಕಟರಾಯಪ್ಪನವರ ಮನೆಯ ವಿಷಯ. ಇದನ್ನು ಹೇಳಲಿಕ್ಕೇ ಉಳಿದದ್ದನ್ನೆಲ್ಲ ಹೇಳುತ್ತಿದ್ದೆ.

ಕೆಂಚಾರ್ಲಹಳ್ಳಿ ಕಡೆಯ ಒಂದು ಊರು. ವೆಂಕಟರಾಯಪ್ಪನವರು ಅಲ್ಲಿ ಹಳೆಯ ಕುಳ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಊರ ನಡುವೆ ಕಲ್ಲು ಚಪ್ಪಡಿಯ ದೊಡ್ಡ ಮನೆ. ಬೀದಿಯಿಂದಲೇ ಕಂಡಿತು: ನಡುಮನೆಯ ಗೋಡೆ ಹೊರಕ್ಕೆ ಉಬ್ಬಿದೆ, ಅದರ ಪಕ್ಕದಲ್ಲಿ ಬೆರಳು ತೂರುವಷ್ಟು ಬಿರುಕು ಮೇಲಿನಿಂದ ಕೆಳಕ್ಕೆ ಇಳಿದಿದೆ. ಒಳಗಿನ ಸಾಲು ಎಷ್ಟು ಸರಿದಿದೆ ಅಂತ ಒಳಗಿನಿಂದ ನೋಡದೆ ಏನೂ ಹೇಳುವ ಹಾಗಿರಲಿಲ್ಲ.

"ಒಳಗೆ ಸ್ವಲ್ಪ ನೋಡ್ಬೇಕಲ್ಲ" ಅಂದೆ.

ವೆಂಕಟರಾಯಪ್ಪನವರು ಬಾಗಿಲಿಗೆ ಅಡ್ಡವಾಗಿ ನಿಂತು, ಬಹಳ ನಯವಾಗಿ, "ಹುಳು ಐತೆ ಸಾರ್. ನಾಲ್ಕನೇ ಜ್ವರಕ್ಕೆ ಕೂತವೆ. ಹೊರಗಿನೋರು ಬಂದ್ರೆ ಬೆಳೆ ಕೆಡ್ತದೆ. ನೀವು ತಿಳಿದೋರು" ಅಂದರು.

ಇದು ಸುಳ್ಳು ಕಾರಣವಲ್ಲ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಹೊರಗಿನವರ ಕಾಲಿನ ಧೂಳಿನಲ್ಲಿ ರೋಗ ಬಂದರೆ ಇಡೀ ಬೆಳೆ ಹೋಗುತ್ತದೆ. ನೆಂಟರನ್ನೂ ಜಗಲಿಯಲ್ಲೇ ಕೂರಿಸುತ್ತಾರೆ. ನಾನು ಗೌರವದಿಂದ ಹಿಂದೆ ಸರಿದೆ. ಅಷ್ಟರಲ್ಲಿ ನನ್ನ ಸಹಾಯಕ ಇಂಜಿನಿಯರ್ ಶಿವರಾಂ ಜೀಪು ನಿಲ್ಲಿಸಿ ಬಂದ. ಅವನ ಊರು, ಅಪ್ಪನ ಹೆಸರು ಎರಡೇ ಪ್ರಶ್ನೆ. "ಓ, ನಮ್ಮೋರೇ! ಬಾಪ್ಪಾ, ಬಾ, ಬಿಸಿಲಲ್ಲಿ ಬಂದಿದ್ದೀಯ, ಒಳಗ್ಬಂದು ಮಜ್ಜಿಗೆ ಕುಡಿ." ಶಿವರಾಂ ಒಳಗೆ ಹೋದ, ಮಜ್ಜಿಗೆ ಕುಡಿದ, ಬಾಯಿ ಒರೆಸಿಕೊಂಡು ಬಂದ. ನನಗೂ ಮಜ್ಜಿಗೆ ಬಂತು, ಜಗಲಿಗೆ, ಕಾಗದದ ಲೋಟದಲ್ಲಿ.

ಜೀಪಿನಲ್ಲಿ ಅವನನ್ನು ಕೇಳಿದೆ. "ಹುಳು ಎಷ್ಟು ತಟ್ಟೆ ಇದ್ವಪ್ಪ?"

ಅವನು ಕಿಟಕಿಯ ಕಡೆ ತಿರುಗಿಕೊಂಡ. "ಹುಳೂ ಇಲ್ಲ, ಸೊಪ್ಪೂ ಇಲ್ಲ ಸಾರ್. ತಟ್ಟೆ ತೊಳ್ದು ಒಣಗಾಕವ್ರೆ."

ನಾನು ಚಿಂತಾಮಣಿ ಪಕ್ಕದ ಕಾಲೊನಿಯಲ್ಲಿ ಬೆಳೆದವನು. ನಮ್ಮಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ದೀಕ್ಷೆ ತೆಗೆದುಕೊಂಡದ್ದು ನಮಗೆ ಗೊತ್ತಿತ್ತು. ಅದಕ್ಕೆ ಹಿಂದಿನದು ಊರಿಗೆ ಗೊತ್ತಿತ್ತು. ಕಚೇರಿಯ ಜೀಪು ಹಳ್ಳಿ ಮುಟ್ಟುವ ಮೊದಲೇ ಆ ಸುದ್ದಿ ಮುಟ್ಟಿರುತ್ತಿತ್ತು, ಅದಕ್ಕೆ ಯಾವ ಸಿಗ್ನಲ್ಲೂ ಬೇಕಿರಲಿಲ್ಲ. ಹೊಸಬರೇ, ನಿಮ್ಮಲ್ಲಿ ನನ್ನಂಥವರು ಯಾರಾದರೂ ಇದ್ದರೆ ಒಂದು ಮಾತು. ಇದಕ್ಕೆ ಸಿಟ್ಟು ಮಾಡಿಕೊಳ್ಳಿ, ಮಾಡಿಕೊಳ್ಳಲೇಬೇಕು. ಆದರೆ ಗೋಡೆಯನ್ನು ನೋಡಿಯಾದ ಮೇಲೆ. ಅದರ ಕೆಳಗೆ ಮಲಗುವವರಿಗೆ ನಿಮ್ಮ ಸಿಟ್ಟಿಗಿಂತ ಚಪ್ಪಡಿಯ ತೂಕ ಜಾಸ್ತಿ.

ಆ ಊರಿನ ಕಾಲೊನಿಗೂ ಹೋದೆವು. ಅಲ್ಲಿ ಯಾರೂ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಕೈ ಹಿಡಿದು ಒಳಗೆ ಕರೆದು ಎಲ್ಲ ಬಿರುಕುಗಳನ್ನೂ ತೋರಿಸಿದರು. ಹೋದ ತಿಂಗಳದು, ಹತ್ತು ವರ್ಷದ ಹಿಂದಿನದು, ಅಣ್ಣ ತಮ್ಮ ಜಗಳದಲ್ಲಿ ಗುದ್ದಲಿ ಬಿದ್ದು ಆದದ್ದು. ಸರ್ಕಾರಕ್ಕೆ ಬಿರುಕು ತೋರಿಸಿ ತೋರಿಸಿ ಅವರಿಗೆ ಅಭ್ಯಾಸ. ಊರ ನಡುವೆ ಬಿರುಕು ಮುಚ್ಚಿಡುತ್ತಿದ್ದರು, ಊರ ಅಂಚಿನಲ್ಲಿ ಬಿಚ್ಚಿಡುತ್ತಿದ್ದರು. ಎರಡು ಕಡೆಯಲ್ಲೂ ನಾನು ಹೇಳಿಕೊಟ್ಟದ್ದು ಒಂದೇ ವಿದ್ಯೆ: ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆಯಿರಿ. ಬಿರುಕು ಗೆರೆ ದಾಟಿದರೆ ಮನೆಯಿಂದ ಹೊರಗೆ ಬಂದು ಫೋನ್ ಮಾಡಿ. ಫೋನ್ ಮಾಡಿ ಆಮೇಲೆ ಹೊರಗೆ ಬರಬೇಡಿ. ಸಾಹೇಬರು ಇದನ್ನು ಕೇಳಿ, "ಪೆನ್ಸಿಲ್ಲಾ! ಒಳ್ಳೆ ಒಂದನೇ ಕ್ಲಾಸು ಮೇಷ್ಟ್ರು ಸಿಕ್ಕಿದ್ರಿ" ಅಂತ ಹೊಟ್ಟೆ ಹಿಡಿದು ನಕ್ಕರು. ಬಿರುಕು ಅಳೆಯುವ ಯಂತ್ರ ತರಿಸುವ ಪ್ರಸ್ತಾವನೆ ಅವರ ಮೇಜಿನ ಮೇಲಿತ್ತು. ನಾನು ನಿವೃತ್ತನಾದಾಗಲೂ ಅಲ್ಲೇ ಇತ್ತು.

ಆಮೇಲೆ ಸಾಹೇಬರೇ ಖುದ್ದು ಪರಿಶೀಲನೆಗೆ ಹೊರಟರು. ಎರಡು ದಿನ ಮೊದಲೇ ಊರಿನಲ್ಲಿ ಆಟೊಗೆ ಮೈಕು ಕಟ್ಟಿ ಸಾರಿಸಿದರು, ‘ದೊಡ್ಡ ಸಾಹೇಬರು ಮನೆ ಮನೆ ನೋಡಲು ಬರುತ್ತಾರೆ, ಎಲ್ಲರೂ ಸಹಕರಿಸಬೇಕು’ ಅಂತ. ಎಲ್ಲರೂ ಸಹಕರಿಸಿದರು. ದೊಡ್ಡವರು ಮನೆಗೆ ಬರುವಾಗ ಗಲೀಜು ಗೋಡೆ ತೋರಿಸುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ನಾವು ಹೋಗುವಷ್ಟರಲ್ಲಿ ಊರಿಗೆ ಊರೇ ಕೆಮ್ಮಣ್ಣು ಮೆತ್ತಿ, ಸುಣ್ಣ ಬಳಿದು, ಬಾಗಿಲಿಗೆ ರಂಗೋಲಿ ಹಾಕಿಕೊಂಡು ಹಬ್ಬದ ಹಾಗೆ ನಿಂತಿತ್ತು. ವೆಂಕಟರಾಯಪ್ಪನವರ ಗೋಡೆಯ ಬಿರುಕು ಇದ್ದ ಜಾಗ ಹಾಲಿನ ಹಾಗೆ ಬೆಳ್ಳಗಿತ್ತು. ಉಬ್ಬಿದ ಭಾಗ ಸುಣ್ಣದಲ್ಲಿ ಇನ್ನೂ ದುಂಡಗೆ, ಲಕ್ಷಣವಾಗಿ ಕಾಣುತ್ತಿತ್ತು.

"ಸಾರ್, ಈ ಗೋಡೆಯಲ್ಲೇ ನಾನು ಹೇಳಿದ್ದು..." ಅಂತ ಶುರು ಮಾಡಿದೆ.

"ಎಲ್ರೀ ಬಿರುಕು? ತೋರ್ಸಿ. ನಿಮ್ಮ ಕಣ್ಣಲ್ಲಿದೆ ಬಿರುಕು." ಸಾಹೇಬರು ಅದೇ ಗೋಡೆಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಂಡರು. ನಾನು ಅಷ್ಟು ದೂರದಲ್ಲಿ ನಿಂತು ಕಣ್ಣು ಮುಚ್ಚಿಕೊಂಡಿದ್ದೆ. ಫೋಟೊದಲ್ಲಿ ಅದೂ ಬಂದಿದೆ. ಪ್ರಾರ್ಥನೆ ಮಾಡುವವನ ಹಾಗೆ ಕಾಣುತ್ತೇನೆ, ಮಾಡುತ್ತಿದ್ದುದೂ ಅದನ್ನೇ. "ಇಷ್ಟು ಹಳೇ ಮನೆ, ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರ ಯಜಮಾನ್ರೇ! ಮಾದರಿ ಮನೆ" ಅಂತ ಬೆನ್ನು ತಟ್ಟಿ, ತಮ್ಮ ಕೈಯಾರೆ ಹಸಿರು ಒತ್ತಿದರು. ಆ್ಯಪ್ ಧನ್ಯವಾದ ಹೇಳಿತು. ಸಾಹೇಬರು ಒತ್ತಿದ ಹಸಿರನ್ನು ನನ್ನ ದರ್ಜೆಯವನು ಕೆಂಪು ಮಾಡುವ ಹಾಗಿರಲಿಲ್ಲ. ಕಾಲೊನಿಗೆ ಬಂದಾಗ ಬಿರುಕುಗಳು ಎದ್ದು ಕಾಣುತ್ತಿದ್ದವು. "ಇವೆಲ್ಲ ಹಳೇವು ಕಣ್ರೀ, ಭೂಕಂಪದ್ದಲ್ಲ" ಅಂದರು. ಮುಚ್ಚಿದವರಿಗೆ ಹಾನಿ ಇಲ್ಲ, ತೋರಿಸಿದವರಿಗೆ ಹಳೆಯ ಹಾನಿ. ಹೀಗೆ ಇಡೀ ಊರಿನಲ್ಲಿ ಭೂಕಂಪಕ್ಕೆ ಅಂತ ಒಂದು ಬಿರುಕೂ ಸಿಗಲಿಲ್ಲ.

ಆ ವಾರ ನನಗೆ ಅನ್ನ ಇಳಿಯಲಿಲ್ಲ. ತಟ್ಟೆಯ ಮುಂದೆ ಕೂತರೆ ಆ ದುಂಡು ಗೋಡೆ ಕಣ್ಣ ಮುಂದೆ ಬರುತ್ತಿತ್ತು. "ಅಷ್ಟೊಂದು ಸಂಕಟ ಇದ್ರೆ ಹೋಗಿ ಹೇಳಿ ಬನ್ನಿ. ಇಲ್ಲಿ ಕೂತು ಸಾರು ಆರಿಸ್ಬೇಡಿ" ಅಂದಳು ಸುಜಾತ. ರಜೆ ಹಾಕಿ ಸ್ಕೂಟರಿನಲ್ಲಿ ಹೋದೆ. ವೆಂಕಟರಾಯಪ್ಪನವರು ತೋಟಕ್ಕೆ ಹೋಗಿದ್ದರು. ಅವರ ಹೆಂಡತಿ ಗೌರಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು.

"ಗೌರಮ್ಮನೋರೇ, ಸುಣ್ಣ ಬಳಿದೋರು ಯಾರು?"

"ನಾನೇ ಸಾರ್. ಚೆನ್ನಾಗಿ ಬಂದೈತಾ?"

"ಚೆನ್ನಾಗಿದೆ. ಗೋಡೆ ಬಿದ್ದೋಗ್ತದೆ."

ಆಕೆ ಕೈಯಲ್ಲಿದ್ದ ಹಪ್ಪಳವನ್ನು ಹಾಗೇ ಹಿಡಿದುಕೊಂಡರು. ಆಕೆಗೆ ಗೊತ್ತಿತ್ತು. ಮಣ್ಣು ಮೆತ್ತುವಾಗ ಮೂರು ಸಲ ಬಿರುಕಿನೊಳಗೆ ಮಣ್ಣು ಬಿದ್ದು ಮಾಯವಾಯಿತಂತೆ. "ಎಷ್ಟು ಹಾಕಿದ್ರೂ ನುಂಗ್ತದೆ ಸಾರ್" ಅಂದರು. ಆಮೇಲೆ ದನಿ ತಗ್ಗಿಸಿ ನಿಜವಾದ ಸಂಗತಿ ಹೇಳಿದರು. ಮಗನಿಗೆ ಶಿಡ್ಲಘಟ್ಟದ ಕಡೆಯ ಸಂಬಂಧ ಕೂಡಿ ಬಂದಿದೆ. ಬರುವ ಭಾನುವಾರ ಹೆಣ್ಣಿನವರು ಮನೆ ನೋಡಲು ಬರುತ್ತಾರೆ. ನಡುಮನೆಯಲ್ಲಿ ಜಮಖಾನ ಹಾಸಿ ಕೂರಿಸಬೇಕು. "ಈಗ ನೀವು ಬಿರುಕು ಅಂತ ಬರೆದ್ರೆ, ಒಡಕು ಮನೆಗೆ ಯಾರು ಸಾರ್ ಹೆಣ್ಣು ಕೊಡ್ತಾರೆ? ಈಗ್ಲೇ ರೈತರ ಮಕ್ಳಿಗೆ ಹೆಣ್ಣು ಸಿಗಲ್ಲ. ಇದು ಮೂರನೇ ಸಂಬಂಧ."

ಹೆಣ್ಣಿನ ಕಡೆಯವರು ಒಂದು ವ್ಯಾನು ಜನ, ಮಕ್ಕಳು ಮರಿ ಸೇರಿ. ಅಷ್ಟೂ ಜನ ಆ ಚಪ್ಪಡಿಗಳ ಕೆಳಗೆ ಸಾಲಾಗಿ ಕೂತು ಕೇಸರಿಬಾತು ತಿನ್ನುವುದು ನನ್ನ ಕಣ್ಣಿಗೆ ಕಟ್ಟಿತು. 

"ನೀಲಗಿರಿ ಕಂಬ ನಾಲ್ಕು ಆಸರೆ ಕೊಡಿ. ಗೋಡೆ ತಡೀತದೆ."

"ಕಂಬ ಕಂಡ್ರೆ ಕೇಳಲ್ವಾ ಅವ್ರು? ಸುಣ್ಣ ಬಳಿದು ಕೋಲು ಊರೋದಾ? ಆಗಲ್ಲ ಸಾರ್."

"ಹಾಗಾದ್ರೆ ಅಂಗಳದಲ್ಲಿ ಶಾಮಿಯಾನ ಹಾಕಿ, ಅಲ್ಲೇ ಕೂರ್ಸಿ."

"ಮನೆ ನೋಡೋಕ್ ಬಂದೋರ್ನ ಮನೆಯೊಳಗೆ ಕರೀದೆ ಇರೋದಾ? ಏನಂತ ಹೇಳ್ಲಿ?"

"ಒಳಗೆ ಹುಳು ಜ್ವರಕ್ಕೆ ಕೂತಿವೆ, ಹೊರಗಿನೋರು ಬರೋ ಹಾಗಿಲ್ಲ ಅನ್ನಿ. ಅವ್ರೂ ಹುಳು ಸಾಕೋರೇ. ಒಂದು ಮಾತೂ ಆಡಲ್ಲ."

ಗೌರಮ್ಮ ನನ್ನನ್ನೇ ನೋಡಿದರು. "ಹುಳು ಇಲ್ದಿರೋ ಮನೇಲಿ ಹುಳು ಐತೆ ಅಂತ ಹೆಂಗ್ ಸಾರ್ ಹೇಳೋದು?"

"ನನಗೆ ಹೇಳಿದ್ರಲ್ಲ, ಹಾಗೇ."

ಹಪ್ಪಳದ ಮೇಲೆ ಒಂದು ಕೋಳಿ ಓಡಾಡಿತು. ಆಕೆ ಅದನ್ನು ಓಡಿಸಲಿಲ್ಲ. ಮುಖ ಕೆಂಪಾಯಿತು, ಆಮೇಲೆ ಸೆರಗಿನಿಂದ ಒರೆಸಿಕೊಂಡರು. ನನಗೆ ಗೆದ್ದ ಹಾಗೇನೂ ಅನಿಸಲಿಲ್ಲ. ಸ್ಕೂಟರ್ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬ ಚಿಂತೆ ಶುರುವಾಗಿತ್ತು. ಆಗಲೂ ಇಲ್ಲ, ಊರಾಚೆಯವರೆಗೆ ತಳ್ಳಿಕೊಂಡು ಹೋದೆ.

ಭಾನುವಾರ ಶಾಮಿಯಾನ ಎದ್ದಿತು. ಗೌರಮ್ಮ ಬಾಗಿಲಿಗೆ ಒಂದು ಕಂತೆ ಹಿಪ್ಪುನೇರಳೆ ಸೊಪ್ಪನ್ನೂ ಇಟ್ಟಿದ್ದರಂತೆ, ವಾಸನೆಗೆ. ಹುಳು ಸಾಕುವವರು ಹುಳುವಿನ ಹೆಸರು ಕೇಳಿದರೆ ದೇವರ ಕೋಣೆಯ ಮುಂದೆ ನಿಂತವರ ಹಾಗೆ ಆಗುತ್ತಾರೆ. ಹೆಣ್ಣಿನ ತಂದೆ ಚಪ್ಪಲಿ ಬಿಟ್ಟು ದೂರದಿಂದಲೇ ಬಾಗಿಲಿಗೆ ಕೈ ಮುಗಿದು, "ಬೆಳೆ ಮುಖ್ಯ, ಮನೆ ಎಲ್ಲಿ ಹೋಗ್ತದೆ?" ಅಂದರಂತೆ. ಸಂಬಂಧ ಒಪ್ಪಿಗೆಯಾಯಿತು.

ಆದರೆ ಸುಳ್ಳಿಗೆ ಹೊಟ್ಟೆಗೆ ಹಾಕಬೇಕು, ಹುಳುವಿಗಿಂತ ಹೆಚ್ಚು. ಹೆಣ್ಣಿನ ಸೋದರಮಾವ ಪಕ್ಕದ ಊರಿನವನು. ದಿನ ಬಿಟ್ಟು ದಿನ ಬಂದು, "ಹುಳು ಎದ್ವಾ? ಸೊಪ್ಪು ಸಾಕಾಗ್ತದಾ?" ಅಂತ ವಿಚಾರಿಸುತ್ತಿದ್ದ. ಹಾಗಾಗಿ ನಡುಮನೆಗೆ ಬೀಗ ಹಾಕಿ, ಮನೆಯವರೆಲ್ಲ ಜಗಲಿಗೂ ದನದ ಕೊಟ್ಟಿಗೆಗೂ ಬಂದುಬಿಟ್ಟರು. ಇಲ್ಲದ ಹುಳುಗಳಿಗೆ ನಡುಮನೆ, ಇರುವ ಮನುಷ್ಯರಿಗೆ ಕೊಟ್ಟಿಗೆ. ಹೀಗಿರುವಾಗ ಒಂದು ಮಧ್ಯಾಹ್ನ, ಭೂಮಿ ಅಲ್ಲಾಡದೆ, ಸದ್ದೂ ಆಗದೆ, ಬರೀ ತುಂತುರು ಮಳೆಗೆ ಆ ಗೋಡೆ ಕೂತುಬಿಟ್ಟಿತು. ಅದರ ಹಿಂದೆ ಚಪ್ಪಡಿಗಳು ಒಂದೊಂದಾಗಿ ಇಳಿದವು. ವೆಂಕಟರಾಯಪ್ಪನವರು ದಿನಾ ಮಧ್ಯಾಹ್ನ ಮಲಗುತ್ತಿದ್ದ ಮಂಚ ಚಪ್ಪಟೆಯಾಯಿತು. ಅವರು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಮಲಗಿದ್ದರು, ಬೈದುಕೊಂಡು.

ಬೀಗರು ಓಡಿ ಬಂದರು. ಕಲ್ಲಿನ ರಾಶಿ ನೋಡಿ ಹೆಣ್ಣಿನ ತಂದೆ ತಲೆಯ ಮೇಲೆ ಕೈ ಹೊತ್ತು, "ಅಯ್ಯೋ, ಹುಳು ಎಲ್ಲಾ ಹೋಯ್ತಲ್ಲಪ್ಪಾ!" ಅಂತ ಗೋಳಾಡಿದರು. ಗೌರಮ್ಮನೂ ಸೇರಿ ಅತ್ತರಂತೆ. ಯಾತಕ್ಕೆ ಅತ್ತರೋ, ನನಗೆ ಗೊತ್ತಿಲ್ಲ.

ಕಚೇರಿಯಲ್ಲಿ ವಿಷಯ ತಿಳಿದಾಗ ಸಾಹೇಬರು ನಗಲಿಲ್ಲ. ಆ ಒಂದು ದಿನ ನಗಲಿಲ್ಲ. ಮರುದಿನ ಉಪಾಯ ಸಿಕ್ಕಿತು. ಬಿದ್ದ ದಿನ ಯಂತ್ರದಲ್ಲಿ ಕಂಪನ ದಾಖಲಾಗಿಲ್ಲ, ಮನೆ ಹಸಿರು, ಆದ್ದರಿಂದ ಇದು ಭೂಕಂಪದ ಹಾನಿಯಲ್ಲ, ಕಟ್ಟಡದ ವಯಸ್ಸು. ಅದೇ ವಾರ ಪುನರ್ವಸತಿ ಯೋಜನೆ ಮಾಡಲು ಬೆಂಗಳೂರಿನಿಂದ ಸಲಹೆಗಾರರು ಬಂದರು. ಡ್ರೋನ್ ಹಾರಿಸಿದರು. ಮೇಲಿನಿಂದ ನೋಡಿದರೆ ಎಲ್ಲ ಚಪ್ಪಡಿ ಮನೆಗಳೂ ಗಟ್ಟಿಮುಟ್ಟು; ಹೊಟ್ಟೆ ಬಂದವನ ತಲೆ ಮಾತ್ರ ನೋಡಿ ಆರೋಗ್ಯ ಹೇಳಿದ ಹಾಗೆ. ಊರಾಚೆ ಬೆಂಕಿಪೊಟ್ಟಣದಂಥ ಮನೆಗಳ ಸಾಲು ನಕ್ಷೆಯಲ್ಲಿ ಎದ್ದಿತು. ಹುಳು ಎಲ್ಲಿ ಸಾಕುತ್ತಾರೆ, ಎಮ್ಮೆ ಎಲ್ಲಿ ಕಟ್ಟುತ್ತಾರೆ ಅಂತ ಕೇಳಿದೆ. "ಸಮುದಾಯ ಭವನ ಕೊಟ್ಟಿದ್ದೀವಲ್ಲ ಸಾರ್" ಅಂದರು ಸಲಹೆಗಾರರು. ಕಾಲೊನಿಯನ್ನು ಆ ನಕ್ಷೆಯಲ್ಲೂ ಹುಡುಕಿದೆ. ಅಂಚಿನಲ್ಲೇ ಇತ್ತು. ಎಷ್ಟು ಆಧುನಿಕ ತಂತ್ರಜ್ಞಾನ ಬಂದರೂ ಅದನ್ನು ಅಲ್ಲಿಂದ ಕದಲಿಸಲು ಯಾವ ಕಂಪನಕ್ಕೂ ಸಾಧ್ಯವಾಗಿಲ್ಲ. ಆ ಬೆಂಕಿಪೊಟ್ಟಣಗಳು ಕೊನೆಗೂ ನಕ್ಷೆ ಬಿಟ್ಟು ನೆಲಕ್ಕೆ ಇಳಿಯಲಿಲ್ಲ, ಅದೊಂದು ಪುಣ್ಯ.

ಕಾಲೊನಿಯವರು ಕಾಯದೆ ತಾವೇ ಗೋಡೆ ರಿಪೇರಿಗೆ ಇಳಿದರು, ವೆಂಕಟರಾಯಪ್ಪನವರು ಅದೇ ಕಲ್ಲಿನಲ್ಲಿ ಮನೆ ಎಬ್ಬಿಸ ಹೊರಟರು. ನಾನು ಭಾನುವಾರಗಳಂದು ಎರಡೂ ಕಡೆ ಹೋಗುತ್ತಿದ್ದೆ. ಹೇಳಿದ್ದು ಎರಡೇ: ಗೋಡೆಯ ಆಚೆಯಿಂದ ಈಚೆಗೆ ಹಾಯುವ ಉದ್ದ ಕಲ್ಲು ಅಲ್ಲಲ್ಲಿ ಇಡಿ, ಕಿಟಕಿಯ ಮೇಲೆ ಮನೆಯ ಸುತ್ತ ಕಬ್ಬಿಣ ಹಾಕಿ ಕಾಂಕ್ರೀಟಿನ ಪಟ್ಟಿ ಕೊಡಿ, ಎಲ್ಲೂ ತುಂಡಾಗದ ಹಾಗೆ. ವೆಂಕಟರಾಯಪ್ಪನವರ ಮೇಸ್ತ್ರಿ, "ಸುತ್ತ ಯಾಕ್ ಸಾರ್ ದಂಡ? ಬಾಗಿಲು ಕಿಟಕಿ ಮೇಲೆ ಹಾಕಿದ್ರೆ ಸಾಲ್ದಾ?" ಅಂದ.

"ಮಗೂಗೆ ಉಡಿದಾರ ಕಟ್ತೀಯಲ್ಲಪ್ಪ, ಮುಂದೆ ಅರ್ಧ ಮಾತ್ರ ಕಟ್ತೀಯಾ?"

ಅವನು ನಕ್ಕು ಪಟ್ಟಿ ಸುತ್ತಿಸಿದ. ಆ ಭಾನುವಾರಗಳಲ್ಲೆಲ್ಲ ನಾನು ನಿಂತದ್ದು ಅಂಗಳದಲ್ಲೇ. ಮನೆಗೆ ಬಾಗಿಲು ಕೂರುವ ಮೊದಲೇ ನನ್ನ ನಿವೃತ್ತಿಯೂ ಆಯಿತು.

ಮೊನ್ನೆ ಶಿಡ್ಲಘಟ್ಟಕ್ಕೆ ಹೋದವನು ಆ ದಾರಿಯಲ್ಲಿ ಬಂದೆ. ಪಟ್ಟಿ ಬೀದಿಯಿಂದಲೇ ಕಾಣುತ್ತಿತ್ತು, ಮನೆಯ ಸುತ್ತ ಒಂದೇ ಸಮ. ಅಂಗಳದ ಗೋಡೆಗೆ ತೊಳೆದ ತಟ್ಟೆಗಳನ್ನು ಒಣಗಲು ಒರಗಿಸಿದ್ದರು. ಜಗಲಿಯಲ್ಲಿ ಕೂತಿದ್ದ ವೆಂಕಟರಾಯಪ್ಪನವರು ಎದ್ದು ಬಂದು, ಖುಷಿಯಿಂದಲೇ, "ಬನ್ನಿ ಸಾರ್, ಬನ್ನಿ, ಕೂತ್ಕೊಳ್ಳಿ" ಅಂತ ಅಂಗಳಕ್ಕೆ ಕುರ್ಚಿ ಹಾಕಿದರು.

"ಒಳಗೆ ಮೂಲೆ ಒಂದ್ಸಲ ನೋಡ್ಬೇಕಿತ್ತು" ಅಂದೆ.

"ಹುಳು ಐತೆ ಸಾರ್." ಬಾಯಿಗೆ ತಾನಾಗಿಯೇ ಬಂತು. ಆಮೇಲೆ ಅವರ ಕಣ್ಣು ತಟ್ಟೆಗಳ ಕಡೆ ಹೋಯಿತು, ನನ್ನದೂ ಹೋಯಿತು.

ಒಳಗಿನಿಂದ ಹೊಸ ಸೊಸೆ ಶಿಲ್ಪ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ಯಾವ ಹುಳು ಮಾವ? ಮೊನ್ನೆ ತಾನೇ ಗೂಡು ಮಾರ್ಕೆಟ್ಗೆ ಹಾಕಿ ಬಂದ್ರಲ್ಲ." ನನ್ನ ಕಡೆ ತಿರುಗಿದಳು. "ಈ ಮನೇಲಿ ಯಾರು ಬಂದ್ರೂ ಹುಳು ಇರ್ತವೆ ಸಾರ್. ನಮ್ಮಪ್ಪನೋರು ಮನೆ ನೋಡೋಕ್ ಬಂದಾಗ್ಲೂ ಇದ್ವಂತೆ. ಯಾರು ಹೇಳ್ಕೊಟ್ಟಿದ್ರೋ ಏನೋ."

ಬಾಗಿಲ ಹಿಂದೆ ನಿಂತಿದ್ದ ಗೌರಮ್ಮ ನನ್ನನ್ನು ನೋಡಿದರು. ನಾನು ಪಟ್ಟಿಯನ್ನು ನೋಡಿದೆ. 

"ಬನ್ನಿ ಸಾರ್ ಒಳಗೆ" ಅಂದಳು ಶಿಲ್ಪ. ವೆಂಕಟರಾಯಪ್ಪನವರು ಏನೋ ಹೇಳಲು ಹೊರಟು, ಕೆಮ್ಮಿ, ಕುರ್ಚಿಯನ್ನು ತಾವೇ ಎಳೆದುಕೊಂಡು ಅಂಗಳದಲ್ಲಿ ಕೂತರು.

ನಾನು ಒಳಗೆ ಹೋದೆ. ಅಷ್ಟು ಕಾಲದಿಂದ ನೋಡಬೇಕಿದ್ದದ್ದು ಆ ಗೋಡೆಯ ಒಳಮೈ. ಗೋಡೆ ನೇರವಾಗಿತ್ತು. ಕಿಟಕಿಯ ಮೂಲೆಯಲ್ಲಿ ಮಾತ್ರ ಕೂದಲೆಳೆಯಂಥ ಒಂದು ಬಿರುಕು ಕಂಡಿತು. ಅದರ ಮೇಲೆ ಯಾರೂ ಸುಣ್ಣ ಬಳಿದಿರಲಿಲ್ಲ. ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಿತ್ತು.

"ಅತ್ತೆ ಹೇಳ್ಕೊಟ್ರು. ವಾರಕ್ಕೊಂದ್ಸಲ ನೋಡ್ತೀನಿ" ಅಂದಳು ಶಿಲ್ಪ.

ಕನ್ನಡಕ ಹಾಕಿಕೊಂಡು ನೋಡಿದೆ. ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಬಿರುಕು ಗೆರೆ ದಾಟಿರಲಿಲ್ಲ.